ಚಾವಿ ಎಲ್ಲಿತ್ತು

ಹುಮನಾಬಾದ
೯ ಜನವರಿ ೨೦೨೫

ದಾನೇಶ್ವರಿಯ ಪಪ್ಪಾ ಅವರಿಗೆ,

ಪೂನಂ ಮಾಡುವ ಶರಣು. ಇಲ್ಲಿ ನನ್ನ ತವರಿನಲ್ಲಿ ಮಗಳು ಆರಾಮ ಇದ್ದಾಳೆ. ನಿದ್ದೆಯಲ್ಲಿ ಮಾತ್ರ ಅಜ್ಜಿಯನ್ನು ‘ಆಯಿ, ಆಯಿ’ ಎಂದು ಕರೆಯುತ್ತಾಳೆ.

ನಿನ್ನೆ ನೀವು ನನ್ನ ಅಣ್ಣ ಅನೀಲಕುಮಾರನಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ‘ಅಂಗಳದಾಗ ಅಷ್ಟು ದೊಡ್ಡ ಗಾಡಿ ನಿಂತಿತ್ತು. ಆಕಿಗಿ ನಡಸಾಕ ಬರ್ತದ. ನಮ್ಮವ್ವನ್ನ ಹ್ಯಾಂಗ ಸಾಯಾಕ ಬಿಟ್ಳು ಕೇಳ್ರಿ’ ಅಂದಿರಿ. ಹೋದ ತಿಂಗಳು ನಿಮ್ಮೂರು ಕೊಹಿನೂರಿನಲ್ಲಿ ಅತ್ತೆಯ ಮಣ್ಣಿಗೆ ಬಂದ ಮಂದಿಯ ಮುಂದೆಯೂ ಇದನ್ನೇ ಅಂದಿರಿ. ಆಗ ನಾನು ಬಾಯಿ ತೆರೆಯಲಿಲ್ಲ.

ಹಳೆಯ ಬಿಳಿ ಆಲ್ಟೊ ಇದ್ದಾಗ ಅತ್ತೆಯ ಮೊಣಕಾಲಿನ ಔಷಧಕ್ಕೆ ನಾನೇ ಅವರನ್ನು ಹುಮನಾಬಾದಿಗೆ ಕರೆದೊಯ್ಯುತ್ತಿದ್ದೆ. ಎ.ಸಿ. ಕೆಟ್ಟಿತ್ತು, ಹಿಂದಿನ ಬಾಗಿಲು ಬಡಿದು ಬಡಿದು ಹಾಕಬೇಕಿತ್ತು. ಆದರೆ ಸೀಟು ತಗ್ಗಿನಲ್ಲಿತ್ತು. ಅವರು ಹೊರಸಿನ ಮೇಲೆ ಕುಳಿತಂತೆ ಕುಳಿತು ಕಾಲು ಒಳಗೆ ತೆಗೆದುಕೊಳ್ಳುತ್ತಿದ್ದರು. ನಿಮ್ಮ ಹೊಸ ಏಳು ಸೀಟಿನ ಎಸ್‌ಯುವಿಗೆ ಅವರನ್ನು ಇಬ್ಬರು ಎತ್ತಿ ಹತ್ತಿಸಬೇಕಾಯಿತು. ‘ಅಟ್ಟಾ ಏರಿದಂಗ ಆಗ್ತದವ್ವ’ ಅನ್ನುತ್ತಿದ್ದರು. ನಿಮ್ಮ ಮುಂದೆ ಮಾತ್ರ ಭಾಳ ಚಲೋ ಅದ ಎಂದು ನಗುತ್ತಿದ್ದರು.

ಆಲ್ಟೊವನ್ನು ಮಂಠಾಳ ಊರಿನವರಿಗೆ ಮಾರಿದಿರಿ. ಹೊಸದನ್ನು ನಾನು ಒಮ್ಮೆ ಗೇಟಿಗೆ ತಾಗಿಸಿದೆ, ಬೆರಳಷ್ಟು ಗೀರು ಬಿತ್ತು. ಅಂದಿನಿಂದ ಒಂದು ಚಾವಿ ತಿಜೋರಿಯಲ್ಲಿ, ಇನ್ನೊಂದು ನಿಮ್ಮ ಜೇಬಿನಲ್ಲಿ. ತಿಜೋರಿಯ ಚಾವಿಯೂ ನಿಮ್ಮ ಹತ್ತಿರವೇ.

ಆ ದಿನ ನೀವು ಗೆಳೆಯರ ಕಾರಿನಲ್ಲಿ ಕಲಬುರಗಿಗೆ ಮದುವೆಗೆ ಹೋಗಿದ್ದಿರಿ. ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು. ಅಂಬುಲೆನ್ಸು ಬೇರೊಬ್ಬ ರೋಗಿಗಾಗಿ ಹುಲಸೂರಿನ ಕಡೆ ಹೋಗಿತ್ತು. ನಿಮಗೆ ಫೋನ್ ಮಾಡಿ, ತಿಜೋರಿ ಒಡೆಯಲೇ ಎಂದು ಕೇಳಿದೆ. ‘ಗಡಬಡ ಮಾಡಬ್ಯಾಡ, ಗ್ಯಾಸ್ ಆಗಿರಬೇಕು’ ಅಂದಿರಿ. ಆಮೇಲೆ ನಿಮ್ಮ ಫೋನ್ ಹತ್ತಲಿಲ್ಲ. ಒನಕೆಯಿಂದ ತಿಜೋರಿಯ ಹಿಡಿಕೆ ಜಜ್ಜಿದೆ, ತೆರೆಯಲಿಲ್ಲ. ಪಕ್ಕದ ಮನೆಯ ಮುನ್ನಿ ಬೀ ಆಟೊ ಹುಡುಕಲು ಬಸ್ ಸ್ಟ್ಯಾಂಡಿಗೆ ಓಡಿದಳು. ಅವಳು ಬರುವವರೆಗೆ ಅತ್ತೆಯನ್ನು ಅಂಗಳಕ್ಕೆ ತಂದು, ಆ ಗಾಡಿಯ ನೆರಳಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದೆ. ಅಂಗಳದಲ್ಲಿ ಬೇರೆ ನೆರಳಿರಲಿಲ್ಲ.

ಆಟೊ ಬಸವಕಲ್ಯಾಣದ ದವಾಖಾನೆ ಮುಟ್ಟುವ ಮೊದಲೇ ಅವರ ಕೈ ತಣ್ಣಗಾಯಿತು.

ಆಲ್ಟೊ ಇದ್ದಿದ್ದರೆ ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ, ಅದು ಯಾರಿಗೂ ಗೊತ್ತಿಲ್ಲ. ಆದರೆ ಅದರ ಚಾವಿ ನಡುಮನೆಯ ಮೊಳೆಗೆ ತೂಗುತ್ತಿತ್ತು.

ರವಿವಾರ ಕರೆಯಲು ಬರುತ್ತೇನೆ ಅಂದಿದ್ದೀರಿ. ಬರಬೇಡಿ. ಚಾವಿ ಎಲ್ಲಿತ್ತೆಂದು ಮೊದಲು ಊರವರ ಮುಂದೆ ನೀವೇ ಹೇಳಿ. ನಾನು ಬರುವ ಮಾತು ಆಮೇಲೆ.

ಇಂತಿ,
ಪೂನಂ

ತಾ.ಕ.: ಮಣ್ಣಿನ ದಿನ ಯಾಕೆ ಸುಮ್ಮನಿದ್ದೆ ಎಂದು ಅಣ್ಣ ದಿನಾಲು ಕೇಳುತ್ತಾನೆ, ಅವನಿಗೂ ಹೇಳಿಲ್ಲ. ಆಟೊದಲ್ಲಿ ಅತ್ತೆ ನನ್ನ ಕೈ ಹಿಡಿದು, ‘ಚಾವಿ ಮಾತು ಯಾರ ಮುಂದನೂ ಆಡಬ್ಯಾಡವ್ವ, ನನ್ನ ಮಗ ಸತೀಶಗ ಮಂದಿ ಬೈತಾರ’ ಅಂದರು. ಅವರು ಕೊನೆಗೆ ಆಡಿದ ಮಾತು ಅದೇ. ನಾನು ಹೂಂ ಅಂದಿದ್ದೇನೆ.