ತೊಟ್ಟಿಯಲ್ಲಿ ನೆನೆದ ಅಂಗಿಗಳು

ಸ್ಟೇಶಿಯಾ,

ನೀನು ಬೆಳಗಿನ ಪೂಜೆಗೆಂದು ಚರ್ಚಿಗೆ ಹೋದ ಮೇಲೆ ತೊಟ್ಟಿ ನೋಡಿದೆ. ನನ್ನ ಅಂಗಿಗಳನ್ನೆಲ್ಲ ನೆನೆಹಾಕಿದ್ದೀಯ! ಹಡಗು ಹೊರಡುವ ದಿನ ಹೆಂಡತಿ ಬಟ್ಟೆ ಒಗೆದರೆ ಗಂಡ ನೀರುಪಾಲು ಅಂತ ಊರಿಗೆಲ್ಲ ಗೊತ್ತು. ಹೆದರಿ ಮನೆಯಲ್ಲೇ ಉಳಿಯಲಿ ಅಂತ ತಾನೆ ಹೀಗೆ ಮಾಡಿದ್ದು? ಹೆದರಿದ್ದೂ ನಿಜ. ವೆಕ್ಸ್‌ಫರ್ಡ್ ಧಕ್ಕೆಗೆ ಓಡಿಹೋಗಿ ಕ್ಯಾಪ್ಟನ್ ಡೆವರೊ ಅವರನ್ನೇ ಕೇಳಿದೆ. ಬಿದ್ದು ಬಿದ್ದು ನಕ್ಕರು.

“ಸೋಪು ತಾಗಿಲ್ಲ ತಾನೆ? ಬರೀ ನೆನೆಹಾಕಿದ್ರೆ ಲೆಕ್ಕಕ್ಕಿಲ್ಲ ಕಣೋ. ನಮ್ಮನೆಯವಳು ಮದುವೆ ಆದಾಗಿನಿಂದ ಪ್ರತಿ ಸಲ ನೆನೆಹಾಕ್ತಾಳೆ. ನಾನೂ ಪ್ರತಿ ಸಲ ವಾಪಸ್ ಬಂದಿದೀನಿ.”

ಅಂಗಿಗಳನ್ನು ಹಿಂಡಿ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದೇನೆ. ಸೋಪು ನನ್ನ ಜೇಬಿನಲ್ಲಿದೆ. ಸಿಟ್ಟು ಬಂದಾಗ ನಿನ್ನನ್ನು ನಂಬುವ ಹಾಗಿಲ್ಲ. ಕೋಳಿಗಳನ್ನು ಹೊರಗೆ ಬಿಟ್ಟಿದ್ದೇನೆ. ಬಿಸಿಬೂದಿಯಲ್ಲಿ ಆಲೂಗಡ್ಡೆ ಇದೆ, ಅತ್ತುಕೊಂಡಾದರೂ ತಿನ್ನು.

ಚಳಿಗಾಲದಲ್ಲಿ ನಿನ್ನಣ್ಣನನ್ನು ಕಡಲು ಕಿತ್ತುಕೊಂಡಿದ್ದು ನಾನೂ ಮರೆತಿಲ್ಲ. ಆದರೆ ಇವತ್ತು ಪಡುವಣ ಗಾಳಿ ಹದವಾಗಿದೆ. ಡಬ್ಲಿನ್‌ನಲ್ಲಿ ಬಾರ್ಲಿ ಇಳಿಸಿದ ಕೂಡಲೇ ಹೊರಟು ಬರುತ್ತೇವೆ.

ಮುಂದಿನ ಸಲವೂ ಮರೆಯದೆ ನೆನೆಹಾಕು.

ನಿನ್ನ ಮೈಲ್ಸ್