ಎಡಗಡೆಯ ಹೆಂಗಸು

ಮಂಗಳವಾರ, ಸಂಜೆ

ಪ್ರೀತಿಯ ಅಮ್ಮ,

ನಾನು, ನಿನ್ನ ಮಗಳು ಕಡ್ಡಿ, ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು "ಹೂಂ, ಹೇಳು" ಅನ್ನುತ್ತೀಯ. ನಾನು ಬಾಯಿ ತೆರೆದ ಕೂಡಲೇ "ಹಾಲು ಉಕ್ತಾ ಇದೆ ಕಣೆ" ಎಂದು ಇಟ್ಟುಬಿಡುತ್ತೀಯ. ಇಷ್ಟು ಸಲ ಹಾಲು ಉಕ್ಕಿಸುವ ಮನೆಯಲ್ಲಿ ಕಾಫಿಗೆ ಏನು ಉಳಿಯುತ್ತದೋ! ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಒಲೆಯ ಮುಂದೆ ಬೇಡ, ಕೂತು ಓದು.

ನಿನ್ನ ಚಿತ್ರ ನೋಡಿದೆ. ಬಸ್ ನಿಲ್ದಾಣದ ಪಕ್ಕದ ಗೋಡೆಯ ಮೇಲೆ, ಎರಡಾಳು ಎತ್ತರ. ಎಡಗಡೆ ನೀನು, ತಲೆಯ ಮೇಲೆ ‘ಮೊದಲು’ ಎಂದು ಬರೆದಿದ್ದರು. ಬಲಗಡೆ ಯಾರೋ ತೆಳ್ಳನೆಯ ಹೆಂಗಸು, ಅವಳ ತಲೆಯ ಮೇಲೆ ‘ನಂತರ’. ಇಬ್ಬರ ನಡುವೆ ತೂಕ ಇಳಿಸುವ ಪುಡಿಯ ಡಬ್ಬಿ. ಅವಳಿಗೂ ನಿನ್ನ ಹಸಿರು ಬಟ್ಟೆಯಂಥದ್ದನ್ನೇ ಉಡಿಸಿದ್ದಾರೆ. ನಿನ್ನ ಕೆನ್ನೆಯ ಮಚ್ಚೆಯನ್ನು ಕೂಡ ಅವಳಿಗೆ ಇಟ್ಟಿದ್ದಾರೆ, ಆದರೆ ತಪ್ಪು ಕೆನ್ನೆಗೆ. ಇಷ್ಟು ದೊಡ್ಡ ಊರಿನಲ್ಲಿ ಅದು ಗೊತ್ತಾಗುವುದು ನನಗೊಬ್ಬಳಿಗೇ ಇರಬೇಕು.

ಕೆಳಗೆ ನಿನ್ನ ಬಾಯಿಂದ ಒಂದು ಮಾತು ಹೇಳಿಸಿದ್ದರು: ‘ನನಗೆ ಬಾಯಿಚಪಲ. ತಪ್ಪು ನನ್ನದೇ. ಈಗ ನಾನು ಬದಲಾದೆ.’

ಅಮ್ಮ, ನಿನಗೆ ಎಲ್ಲಿಯ ಬಾಯಿಚಪಲ? ನಾವು ಮೂವರು ಒಟ್ಟಿಗೆ ಇದ್ದಾಗ ಅಪ್ಪನಿಗೂ ನನಗೂ ಬಡಿಸಿ, ತಳ ಕೆರೆದದ್ದನ್ನು ಉಂಡು ಎದ್ದವಳು ನೀನು. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬೇಸರಪಡಬೇಡ. ಗೋಡೆಯ ಮೇಲೆ ಸುಳ್ಳನ್ನು ಇಷ್ಟು ದಪ್ಪ ಅಕ್ಷರದಲ್ಲಿ ಬರೆಯುವವರಿರುವಾಗ ನಿಜ ಒಂದು ಹಾಳೆಯಲ್ಲಾದರೂ ಇರಬೇಕು.

ಅಪ್ಪ ತೀರಿಕೊಂಡ ಮೇಲೆ ನೀನು ಆ ದೊಡ್ಡ ಅಂಗಡಿಯ ಬಾಗಿಲ ಬಳಿ, ರುಚಿ ತೋರಿಸುವ ಮೇಜಿನ ಹಿಂದೆ ನಿಂತೆ. ಕಂಪನಿಯ ಬಿಸ್ಕತ್ತು, ಕೇಕು, ಕರಿದ ತಿಂಡಿಗಳನ್ನು ತುಂಡು ಮಾಡಿ ತಟ್ಟೆಯಲ್ಲಿಟ್ಟು "ತಗೊಳಪ್ಪಾ, ತಗೊಳಮ್ಮಾ, ತಿಂದು ನೋಡೋಕೇನು ಕಾಸು ಕೊಡಬೇಕಾ?" ಎಂದು ಕರೆಯುವ ಕೆಲಸ. ಹಾಲು ತರಲು ಬಂದವರು ನಿನ್ನ ಮಾತಿಗೆ ನಿಂತು, ಕೈಯಲ್ಲಿ ಮೂರು ಪೊಟ್ಟಣ ಹಿಡಿದು ಹೋಗುತ್ತಿದ್ದರು. ಒಮ್ಮೊಮ್ಮೆ ಹಾಲನ್ನೇ ಮರೆಯುತ್ತಿದ್ದರು. ಹಾಲನ್ನು ಅಂಗಡಿಯ ತೀರಾ ಹಿಂದಿನ ಮೂಲೆಯಲ್ಲಿ ಇಡುವುದೇ ಅದಕ್ಕೆ, ದಾರಿಯುದ್ದಕ್ಕೂ ಕಣ್ಣು ಸೋಲಲಿ ಎಂದು. ಮಿಠಾಯಿಯನ್ನು ಮಕ್ಕಳ ಕಣ್ಣಿನ ಮಟ್ಟಕ್ಕೆ ಇಡುವುದೂ, ಒಂದು ಸಾಕಾದವರಿಗೆ ‘ಎರಡು ಕೊಂಡರೆ ಮೂರನೆಯದು ಉಚಿತ’ ಎನ್ನುವುದೂ ಅದಕ್ಕೇ. ಇಂಥ ಕಂಪನಿಗಳ ವಿರುದ್ಧ ನಮ್ಮ ಸಂಘ ಹಂಚುವ ಕರಪತ್ರದಲ್ಲೂ ಇದೇ ಇದೆ. ಇದನ್ನು ಹೇಳಿದರೆ "ನಿನ್ನ ಕರಪತ್ರ ನನಗೆ ಬಾಯಿಪಾಠ ಆಗಿದೆ" ಅನ್ನುತ್ತೀಯ. ಇರಲಿ.

ಕರಪತ್ರದಲ್ಲಿ ಇಲ್ಲದ್ದು ಒಂದಿದೆ. ತುಂಡು ಮಾಡಿದ್ದರಲ್ಲಿ ಉಳಿದದ್ದನ್ನು ಮನೆಗೆ ತರುವಂತಿಲ್ಲ. ನೆಲ ಒರೆಸುವವಳಿಗೂ ಕೊಡುವಂತಿಲ್ಲ. ಬುಟ್ಟಿಗೆ ಸುರಿದು, ಯಾರೂ ಹೆಕ್ಕಿ ತಿನ್ನದಂತೆ ಮೇಲೆ ಫಿನಾಯಿಲ್ ಹಾಕಬೇಕು. ಅದು ಅಲ್ಲಿಯ ನಿಯಮ. ಮೊದಲ ದಿನವೇ ನೀನು ಮನೆಗೆ ಬಂದು ಹೇಳಿದ್ದೆ: "ತಿನ್ನೋ ವಸ್ತು ಮೇಲೆ ಫಿನಾಯಿಲ್ ಸುರಿಯೋಕೆ ನನ್ನ ಕೈ ಏಳಲಿಲ್ಲ ಕಣೆ. ನಾನೇ ತಿಂದ್ಬಿಟ್ಟೆ." ಆಮೇಲೆ ದಿನವೂ ಅದೇ ಆಯಿತು. ಮಧ್ಯಾಹ್ನದ ಊಟಕ್ಕೆ ಮೇಜು ಬಿಟ್ಟು ಹೋಗಲು ಬಿಡುತ್ತಿರಲಿಲ್ಲವಲ್ಲ, ಉಳಿದ ತುಂಡುಗಳೇ ನಿನ್ನ ಊಟ. ಚೆಲ್ಲಲಾರದೆ ತಿಂದವಳು ನೀನು. ನಿನ್ನ ಮಂಡಿ ನೋವು, ಏದುಸಿರು, ಮೆಟ್ಟಿಲ ಮಧ್ಯೆ ನಿಂತು "ಏನೋ ನೆನಪಾಯ್ತು" ಎಂದು ಸುಧಾರಿಸಿಕೊಳ್ಳುವ ನಾಟಕ, ಎಲ್ಲವೂ ಅಲ್ಲಿಂದಲೇ ಬಂದದ್ದು. ಬಾಯಿ ನಿನ್ನದಿರಬಹುದು, ಚಪಲ ಅವರದು.

ನೀನು ದಪ್ಪಗಾದ ಮೇಲೆ ಮ್ಯಾನೇಜರ್, "ನಿಮ್ಮನ್ನ ನೋಡಿದ್ರೆ ಗಿರಾಕಿ ಹೆದರ್ತಾರೆ ಮೇಡಂ" ಎಂದು ನಿನ್ನನ್ನು ಹಿಂದಿನ ಉಗ್ರಾಣಕ್ಕೆ, ಬೆಲೆಯ ಚೀಟಿ ಅಂಟಿಸಲು ಕಳಿಸಿದ. ಅವತ್ತು ನಾನು ಕೂಗಾಡಿದೆ. ಕೆಲಸ ಬಿಡು ಎಂದೆ. ಬಂಡವಾಳ, ಬೊಜ್ಜು, ಶೋಷಣೆ, ಓದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನೀನು ಕೇಳಿದೆ: "ನಿಮ್ಮ ಕರಪತ್ರದಲ್ಲಿ ಹೊಟ್ಟೆ ಬಿಟ್ಕೊಂಡು ಕೂತಿರೋ ಹೆಂಗಸಿನ ಚಿತ್ರ ಇದೆಯಲ್ಲ, ಅದು ನಾನೇನಾ?" ಅಲ್ಲ ಎಂದೆ ನಾನು. "ಹಾಗಾದ್ರೆ ಯಾರು?" ಎಂದೆ ನೀನು. ನಾನು ಕರಪತ್ರ ಮಡಚಿ ಚೀಲಕ್ಕೆ ಹಾಕಿದೆ. "ಲೋಕಕ್ಕೆಲ್ಲ ಬುದ್ಧಿ ಹೇಳೋಳು ಉಂಡ ತಟ್ಟೆ ತೊಳೆದಿಟ್ಟು ಹೋಗು" ಎಂದೆ ನೀನು. ನಾನು ತಟ್ಟೆ ತೊಳೆದಿಟ್ಟು ನಿಜವಾಗಿಯೂ ಮನೆ ಬಿಟ್ಟು ಹೊರಟುಬಿಟ್ಟೆ.

ನಿನ್ನೆ ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ, ಈಗ ನಿನ್ನ ಮೇಜಿನ ಹಿಂದೆ ನಿಲ್ಲುವ ಹೊಸ ಹುಡುಗಿ ಬಂದಿದ್ದಳು. ಆ ತೂಕದ ಪುಡಿಯ ದುಡ್ಡಿಗೆ ನನ್ನಮ್ಮನ ಮುಖವನ್ನೂ ಮಾರಿಸಿದಿರಲ್ಲ ಎಂದು ಅವಳ ಮೇಲೆ ಹರಿಹಾಯ್ದೆ. ಪಾಪ, ಅವಳಿಗೇನು ಗೊತ್ತು. ಅವಳು ಕಾಗದ ಜೋಡಿಸಿಕೊಳ್ಳುತ್ತಾ ಅಂದಳು: "ದುಡ್ಡಿಗಲ್ಲ ಅಕ್ಕಾ. ಉಗ್ರಾಣದಲ್ಲಿ ಅವರ ಜೊತೆ ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ಫೋಟೋಗೆ ನಿಂತ್ರೆ ಮತ್ತೆ ಬಾಗಿಲ ಹತ್ರ ಹಾಕ್ತೀವಿ ಅಂದಿದ್ರು. ಹಾಕಲಿಲ್ಲ. ಡಬ್ಬಗಳಿಗೇ ‘ನೀನೇನಪ್ಪಾ ಮೂಲೆ ಸೇರ್ಕೊಂಡೆ’ ಅಂತ ಮಾತಾಡ್ತಿರ್ತಾರೆ." ಶನಿವಾರ ಇನ್ನೊಂದು ಸಹಿ ಕೇಳುತ್ತಾರೆ, ಚಿತ್ರವನ್ನು ಊರಿನ ಬಸ್ಸುಗಳ ಮೇಲೆಲ್ಲ ಅಂಟಿಸಲು, ಎಂದೂ ಹೇಳಿದಳು. ಈ ಸಲ ಖಂಡಿತ ಬಾಗಿಲ ಹತ್ತಿರವೇ ಹಾಕುತ್ತಾರಂತೆ.

ಅಮ್ಮ, ಹಾಕುವುದಿಲ್ಲ. ‘ಮೊದಲು’ ಎಂದು ಊರೆಲ್ಲ ಅಂಟಿಸಿದ ಮುಖವನ್ನು ಯಾವ ಅಂಗಡಿಯವನು ತನ್ನ ಬಿಸ್ಕತ್ತಿನ ಹಿಂದೆ ನಿಲ್ಲಿಸುತ್ತಾನೆ? ಬಿಸ್ಕತ್ತಿನದೂ ಪುಡಿಯದೂ ಒಂದೇ ಕಂಪನಿ. ಡಬ್ಬಿಯ ತಳದಲ್ಲಿ ಸಣ್ಣ ಅಕ್ಷರದಲ್ಲಿದೆ, ನಾನು ಓದಿದೆ. ಒಂದು ಕೈಯಲ್ಲಿ ತಿನ್ನಿಸಿ ಇನ್ನೊಂದು ಕೈಯಲ್ಲಿ ಕರಗಿಸುತ್ತಾರೆ, ಎರಡು ಕೈಗೂ ನಾವೇ ಕಾಸು ಕೊಡಬೇಕು. ಮಧ್ಯೆ ತಪ್ಪು ಮಾತ್ರ ನಿನ್ನದು.

ಸಹಿ ಹಾಕಬೇಡ ಎಂದು ಬರೆಯಲೆಂದೇ ಕೂತೆ. ಈಗ ಹಾಗೆ ಬರೆಯಲು ಕೈ ಬರುತ್ತಿಲ್ಲ. ನಿನಗೆ ಬೇಕಾದದ್ದು ಎರಡು ಮಾತು. ಅದನ್ನು ಕೊಡಬೇಕಾದವಳು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಕರಪತ್ರ ಮಡಚುತ್ತಿದ್ದಾಳೆ.

ಕೋಣೆ ಚೆನ್ನಾಗಿದೆ. ಕಿಟಕಿ ಒಂದಿದೆ, ತೆರೆದರೆ ರಬ್ಬರ್ ವಾಸನೆ. ಒಬ್ಬಳಿಗೆ ಎಂದು ಒಲೆ ಹಚ್ಚಲು ಮನಸ್ಸಾಗುವುದಿಲ್ಲ. ಬಿಸಿನೀರು ಸುರಿದರೆ ಆಗುವ ಪೊಟ್ಟಣ ತರುತ್ತೇನೆ. ಹೌದು, ನಾನೇ! ಅದರ ಮೇಲೆ ‘ಒಬ್ಬರೇ ಇದ್ದೀರಾ? ನಾವಿದ್ದೇವೆ’ ಎಂದು ಅಚ್ಚಾಗಿದೆ. ಸಂಘದ ಮೇಷ್ಟ್ರು ಜಾಹೀರಾತು ನಮ್ಮ ಆಸೆಯನ್ನು ಹುಡುಕಿ ಹೊಡೆಯುತ್ತದೆ ಎಂದು ಬರೆದಿದ್ದಾರೆ. ಅವರು ಅರ್ಧ ಬರೆದರು ಅನ್ನಿಸುತ್ತದೆ. ಒಂಟಿಯಾಗಿರುವವರ ಮನೆಯ ಬಾಗಿಲು ಎಲ್ಲಿದೆ ಎಂಬುದೂ ಅದಕ್ಕೆ ಗೊತ್ತು. ಆ ಪೊಟ್ಟಣದ ಮಾತು ಓದಿದ ಮೊದಲ ದಿನ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಯಾರೋ ಕೇಳಿದರಲ್ಲ ಅನ್ನಿಸಿತು. ಇದನ್ನು ಸಂಘದಲ್ಲಿ ಯಾರಿಗೂ ಹೇಳಿಲ್ಲ.

ಶುಕ್ರವಾರ ಸಂಜೆ ಅಂಗಡಿಯ ಹಿಂಬಾಗಿಲ ಬಳಿ ಬಂದು ನಿಲ್ಲುತ್ತೇನೆ. ಕರಪತ್ರ ತರುವುದಿಲ್ಲ. ಮೆಟ್ಟಿಲ ಮಧ್ಯೆ ನಿನಗೆ ಏನಾದರೂ ನೆನಪಾದರೆ ನಾನೂ ನಿಲ್ಲುತ್ತೇನೆ. ರಾತ್ರಿ ಅನ್ನ, ಸಾರು ನಾನು ಮಾಡುತ್ತೇನೆ. ಉಪ್ಪು ಹೆಚ್ಚಾದರೆ ಬೈಯುವುದಕ್ಕಾದರೂ ಎದುರು ಕೂರು. ಶನಿವಾರ ಸಹಿ ಹಾಕುವುದೋ ಬಿಡುವುದೋ ನೀನೇ ನೋಡು. ಹಾಕಿದರೂ ನಾನು ಎದ್ದು ಹೋಗುವುದಿಲ್ಲ. ಆದರೆ ಉಗ್ರಾಣದ ಡಬ್ಬಗಳಿಗೆ ಹೇಳುವ ಮಾತನ್ನು ಒಮ್ಮೆ ನನಗೆ ಹೇಳಿ ಆಮೇಲೆ ಹಾಕು.

ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ,
ಕಡ್ಡಿ

ಮರೆತ ಮಾತು: ಆ ಗೋಡೆಯ ಚಿತ್ರಕ್ಕೆ ಮಸಿ ಬಳಿಯಬೇಕೆಂದು ಸಂಘದಲ್ಲಿ ತೀರ್ಮಾನವಾಯಿತು. ಅದು ನೀನೆಂದು ಅವರಿಗೆ ಗೊತ್ತಿಲ್ಲ. ಬೇರೆ ಯಾರೂ ನಿನ್ನ ಮುಖಕ್ಕೆ ಕುಂಚ ಎತ್ತಬಾರದೆಂದು ಆ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಇವತ್ತು ಮಧ್ಯಾಹ್ನ ಹೋಗಿ ಅಕ್ಷರಗಳಿಗಷ್ಟೇ ಬಳಿದೆ. ಬಲಗಡೆಯವಳನ್ನೂ ಮುಟ್ಟಲಿಲ್ಲ, ಅವಳಿಗೂ ಮನೆಯಲ್ಲಿ ಯಾರಾದರೂ ಇರುತ್ತಾರೆ. ಯಾರೋ ಪೋಲಿಗಳು ನಿನಗೆ ಮೀಸೆ ಬರೆದಿದ್ದರು, ಕರ್ಚೀಫು ಒದ್ದೆ ಮಾಡಿ ಒರೆಸಿದೆ, ಹೆಚ್ಚುಕಡಿಮೆ ಹೋಯಿತು. ಈಗ ಅಲ್ಲಿ ನೀನು ಸುಮ್ಮನೆ ನಗುತ್ತಾ ನಿಂತಿದ್ದೀಯ. ಆ ಹುಡುಗಿ ನಿನ್ನೆ ಬಂದು ಹೇಳಿದ್ದಕ್ಕೇ ಬರೆಯಲು ಕೂತದ್ದು, ನಿಜ. ಆದರೆ ಚಿತ್ರ ಅಂಟಿಸಿದ ದಿನದಿಂದಲೂ ನಾನು ಸಂಜೆ ಹೊತ್ತು ಆ ನಿಲ್ದಾಣದ ಬೆಂಚಿನ ಮೇಲೆ ಕೂತಿರುತ್ತೇನೆ. ನನ್ನ ಬಸ್ಸು ಅಲ್ಲಿಗೆ ಬರುವುದೇ ಇಲ್ಲ.