ಸೈಕಲ್ ಟ್ಯೂಬಿನ ತುಂಡು

ಭಾನುವಾರ, ಜೂನ್ ೧೪

ಮಗಳು ಕೂದಲೆಳೆಯಲ್ಲಿ ಪಾರಾದಳು. ಅವಳ ಚಪ್ಪಲಿ ಚೂರುಚೂರು.

ಹುಲ್ಲು ಕತ್ತರಿಸುವ ಮಿಷನ್, ಹಿಡಿಯ ಲಿವರಿನಿಂದ ಕೈ ಬಿಟ್ಟರೆ ತಾನಾಗಿ ನಿಲ್ಲಬೇಕು. ನಮ್ಮ ಹಳೆಯದು ಲಿವರ್ ಸಡಿಲವಾಗಿ, ಹಿಡಿದಿದ್ದರೂ ನಿಂತುಬಿಡುತ್ತಿತ್ತು. ಹೊಸದು ತರೋಣವೆಂದ ಹೆಂಡತಿಯ ಮಾತಿಗೆ ನಕ್ಕು, ಲಿವರನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಹಿಡಿಗೇ ಬಿಗಿದು ಕಟ್ಟಿದೆ. ಪುಕ್ಕಟೆ ರಿಪೇರಿ ಎಂದು ಬೀಗಿದ್ದೇ ಬೀಗಿದ್ದು. ಇನ್ನದು ತಾನಾಗಿ ನಿಲ್ಲುವುದಿಲ್ಲವೆಂದು ಯಾರಿಗೂ ಹೇಳಲಿಲ್ಲ.

ಇವತ್ತು ಹುಲ್ಲು ಕತ್ತರಿಸುತ್ತಿದ್ದ ಮಾವ ಬೆವರೊರೆಸಿಕೊಳ್ಳಲು ಕೈ ಬಿಟ್ಟರು. ಮಿಷನ್ ನಿಲ್ಲದೆ ಇಳಿಜಾರಿನಲ್ಲಿ ಮಗಳತ್ತ ಉರುಳಿತು.

“ನಂದೇ ತಪ್ಪು ಅಳಿಯಂದ್ರೇ, ಕೈ ಬಿಟ್ಬಿಟ್ಟೆ,” ಎಂದರು ಮಾವ.

ನಾನು ಯಾರಿಗೂ ಕಾಣದಂತೆ ಟ್ಯೂಬು ಕಿತ್ತು ಜೇಬಿಗೆ ತುರುಕಿದೆ. ಥೂ, ನನ್ನ ಜನ್ಮಕ್ಕೆ.

ಮಲಗುವ ಹೊತ್ತಿಗೆ ಮಗಳು “ತಾತ, ಎತ್ಕೋ” ಎಂದಳು. ಮಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.